ಅಮ್ಮನ ಬೆನ್ನು, ನನ್ನ ಎಡಗಾಲು

ಮೊನ್ನೆ ಆರ್.ಟಿ. ನಗರದ ಅಂಗಡಿಯೊಂದಕ್ಕೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಬಲಗಾಲಿಗೆ ಸರಿಯಾಗಿ ಕೂತ ಜೋಡು ಎಡಗಾಲಿಗೆ ಹತ್ತಲೇ ಇಲ್ಲ. ಅಂಗಡಿಯವರು ಬಗ್ಗಿ ನೋಡಿ, "ಮೇಡಂ, ನಿಮ್ಮ ಎಡಗಾಲು ಒಂಚೂರು ಅಗಲ ಇದೆ" ಅಂದರು. ಬೇರೆ ಯಾರಾದರೂ ಆಗಿದ್ದರೆ ನಕ್ಕು, ಒಂದು ನಂಬರ್ ದೊಡ್ಡದು ಕೊಡಿ ಅನ್ನುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತವಳು ಕೂತೇ ಬಿಟ್ಟೆ. ಆ ಕಾಲನ್ನು ಯಾರಾದರೂ ಬೊಟ್ಟು ಮಾಡಿ ತೋರಿಸಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಎರಡು ತಿಂಗಳ ಹಿಂದೆ ಅದೇ ಕಾಲನ್ನು ನಾನು ನಮ್ಮಮ್ಮನ ಮುರಿದ ಬೆನ್ನಿನ ಮೇಲೆ ಇಟ್ಟಿದ್ದೆ. ಅದೂ ಒಂದು ಸಲ ಅಲ್ಲ. ಮೂರು ದಿನ, ದಿನಕ್ಕೆ ಮೂರು ಸಲ.

ತಾಳಿ, ಹಾಗೆ ಮುಖ ಸಿಂಡರಿಸಬೇಡಿ. ನಾನು ರಾಕ್ಷಸಿ ಅಲ್ಲ. ಮೊದಲಿಂದ ಹೇಳ್ತೀನಿ ಕೇಳಿ.

ನಾನು ತಲೆ ಮುಂದಾಗಿ ಹುಟ್ಟಿದವಳಲ್ಲ, ಕಾಲು ಮುಂದಾಗಿ ಹುಟ್ಟಿದವಳು. ಅದರಲ್ಲೂ ಎಡಗಾಲು ಮೊದಲು ಬಂತಂತೆ. ಹಾಗೆ ಹುಟ್ಟಿದವರು ಕಾಲಲ್ಲಿ ಒದ್ದರೆ ಬೆನ್ನಿನ ಉಳುಕು ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ನಿಮ್ಮ ಕಡೆಯೂ ಇರಬಹುದು, ನಿಮ್ಮಜ್ಜಿಯನ್ನು ಕೇಳಿ ನೋಡಿ. ಹೆಸರಘಟ್ಟದ ಕಡೆ ನಮ್ಮ ಊರು. ದನ, ರಾಗಿ, ಹುಲ್ಲು, ಇಷ್ಟೇ ನಮ್ಮ ಪ್ರಪಂಚ. ಹುಲ್ಲಿನ ಹೊರೆ ಹೊತ್ತು ಸೊಂಟ ಹಿಡಿದುಕೊಂಡವರಿಗೆ ಅಲ್ಲಿ ಬರವೇ ಇರಲಿಲ್ಲ. ನನಗೆ ಆರು ತುಂಬುತ್ತಿದ್ದಂತೆ ಅಪ್ಪನ ತಾಯಿ, ನಮ್ಮಜ್ಜಿ, ನನ್ನ ಕಾಲನ್ನು ಕೆಲಸಕ್ಕೆ ಹಚ್ಚಿದಳು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಜಗಲಿಯ ಮೇಲೆ ಬೋರಲು ಮಲಗಬೇಕು, ನಾನು ನೋವಿರುವ ಜಾಗಕ್ಕೆ ಮೂರು ಸಲ ಪಾದ ತಾಗಿಸಬೇಕು. ಒದೆ ಅನ್ನುವುದು ಹೆಸರಿಗಷ್ಟೇ. ನನ್ನ ಸಂಬಳ ಒಂದು ಕಡ್ಲೆಮಿಠಾಯಿ.

ಮೊದಲ ಗಿರಾಕಿ ಪಕ್ಕದ ಮನೆಯ ಗಂಗಣ್ಣ. ಆಳೆತ್ತರದ ಮನುಷ್ಯ ಉಸಿರು ಬಿಗಿಹಿಡಿದು ಮಲಗಿದ್ದ. ಮುಖ ನನ್ನ ಕಡೆಗಿತ್ತು. ಹಣೆಯ ನರ ಉಬ್ಬಿತ್ತು. ನನ್ನ ಹೆಬ್ಬೆರಳು ತಾಗಿದ್ದೇ ತಡ, "ಸ್ಸ್...ಅಮ್ಮಾ" ಅಂದ ನೋಡಿ, ನನ್ನ ಬೆನ್ನಿನಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಯಾರೋ ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಚುಚ್ಚಿದ ಹಾಗಾಯಿತು. ನಾನು ಹೋ ಎಂದು ಅತ್ತೆ. ಅಜ್ಜಿ ಗಾಬರಿಯಾಗಲಿಲ್ಲ. ಚಪ್ಪಾಳೆ ತಟ್ಟಿದಳು.

"ನೋಡ್ದಾ ಗಂಗಣ್ಣ, ನಿನ್ನ ನೋವು ಮಗೀಗೆ ಬಂದ್ಬುಡ್ತು. ಇನ್ನ ನಿಂಗೇನೈತೆ? ಏಳಪ್ಪಾ ಮ್ಯಾಕೆ."

ಗಂಗಣ್ಣ ಎದ್ದ. ನಿಜವಾಗಿ ಎದ್ದ! ಸೊಂಟ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಪಾಪ ಕಣಮ್ಮ ಮಗ" ಅಂತ ಎರಡು ಕಡ್ಲೆಮಿಠಾಯಿ ಕೊಟ್ಟು ಹೋದ. ಅಲ್ಲಿಂದ ಶುರುವಾಯಿತು ನನ್ನ ಕೀರ್ತಿ. ಹುಡುಗಿ ಅತ್ತರೆ ನೋವು ನಿಜ, ಅಳದಿದ್ದರೆ ಸುಳ್ಳು. ನನ್ನ ದೊಡ್ಡಪ್ಪನಿಗೆ ರಾಗಿ ಕೊಯ್ಲಿನ ದಿನ ಬಂದರೆ ಸಾಕು ಬೆನ್ನು ಹಿಡಿಯುತ್ತಿತ್ತು. ಒಂದು ವರ್ಷ ಅವರನ್ನೂ ಜಗಲಿಯ ಮೇಲೆ ಮಲಗಿಸಿದರು. ನಾನು ಪಾದ ಇಟ್ಟು, ಕಾದು, ಊರಿಗೆಲ್ಲ ಕೇಳುವ ಹಾಗೆ, "ಏನೂ ಚುಚ್ತಿಲ್ಲ ಅಜ್ಜೀ" ಅಂದೆ. ಉಳುಕಿದ್ದ ದೊಡ್ಡಪ್ಪ ಒಂದೇ ನೆಗೆತಕ್ಕೆ ಎದ್ದು ಹಿತ್ತಲವರೆಗೆ ನನ್ನನ್ನು ಅಟ್ಟಿಸಿಕೊಂಡು ಬಂದರು.

ನಾನು ನಾಟಕ ಮಾಡುತ್ತಿರಲಿಲ್ಲ, ದೇವರಾಣೆ. ನನಗೆ ಹಾಗೇ ಆಗುತ್ತಿತ್ತು. ಯಾರಾದರೂ ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ನಾನು ನನ್ನ ಬೆರಳನ್ನು ಬಾಯಿಗಿಡುತ್ತಿದ್ದೆ. ಕರುವಿಗೆ ಮೂಗುದಾರ ಹಾಕಿದ ದಿನ ನನಗೆ ಮೂಗು ಮುಟ್ಟಲು ಆಗುತ್ತಿರಲಿಲ್ಲ. ಶಾಲೆಯಲ್ಲಿ ಸೂಜಿ ಚುಚ್ಚಲು ಬಂದಾಗ ನನ್ನ ಸರದಿ ಬರುವ ಹೊತ್ತಿಗೆ ಇಡೀ ತರಗತಿಯ ಸೂಜಿಗಳನ್ನೆಲ್ಲ ನಾನೇ ಚುಚ್ಚಿಸಿಕೊಂಡು ಸುಸ್ತಾಗಿ ಬಿದ್ದಿದ್ದೆ.

ಈ ಇಡೀ ವ್ಯಾಪಾರ ಇಷ್ಟವಿಲ್ಲದವಳು ಅಂದರೆ ಅಮ್ಮ ಒಬ್ಬಳೇ. ಅತ್ತೆಗೆ ಎದುರಾಡುವ ಹೆಣ್ಣಲ್ಲ ಅವಳು. ಆದರೂ ಒಂದು ದಿನ ಕೈಯಲ್ಲಿ ಸೌಟು ಹಿಡಿದುಕೊಂಡೇ ಜಗಲಿಗೆ ಬಂದು, "ಮಗೀನ ದಿನಾ ಇಂಗೆ ಅಳಿಸ್ಬ್ಯಾಡಿ ಅತ್ತೆ, ಅದು ಸಣ್ಣದು" ಅಂದಿದ್ದಳು. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮನ ವಿಷಯ ಹೇಳಬೇಕೆಂದರೆ, ಅವಳಿಗೆ ನೋವೇ ಆಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಒಂದು ಸಲ ಹುಲ್ಲಿನ ಬಣವೆಯ ಹತ್ತಿರ ಅವಳಿಗೆ ಚೇಳು ಕುಟುಕಿತು. ನಾನು ಓಡಿ ಹೋಗಿ ನೋಡಿದರೆ ನಗುತ್ತಿದ್ದಳು! "ಏನಾಗಿಲ್ಲ ಬುಡು, ಇರುವೆ" ಅಂದು, ಬಣವೆಯ ಹಿಂದೆ ಹೋಗಿ ಒಂದಷ್ಟು ಹೊತ್ತು ಬಿಟ್ಟು ಬಂದಳು. ಶಾಲೆಯಲ್ಲಿ ನಾನು ಜಂಬದಿಂದ ಹೇಳಿಕೊಂಡಿದ್ದೆ, ನಮ್ಮಮ್ಮನಿಗೆ ಚೇಳು ಹತ್ತಲ್ಲ ಅಂತ.

ಕಾಲ ಸರಿಯಿತು. ಮದುವೆಯಾಗಿ ಗಂಗಾನಗರಕ್ಕೆ ಬಂದೆ. ಅಪ್ಪ ಹೋದಮೇಲೆ ಅಮ್ಮನೂ ನಮ್ಮ ಜೊತೆಗೇ ಬಂದಳು. ಯಶವಂತಪುರದ ಈರುಳ್ಳಿ ಮಂಡಿಯೊಂದರಲ್ಲಿ ನನಗೆ ಲಾರಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷ ಆಯಿತು, ಇನ್ನೂ ಬರೆಯುತ್ತಿದ್ದೇನೆ. ಈರುಳ್ಳಿ ಮಂಡಿ ಅಂದಮೇಲೆ ಮೂಟೆ, ಮೂಟೆ ಅಂದಮೇಲೆ ಹಮಾಲರು, ಹಮಾಲರು ಅಂದಮೇಲೆ ಬೆನ್ನು. ನನ್ನ ಕಾಲಿನ ಸುದ್ದಿ ಅದು ಹೇಗೆ ಹಬ್ಬಿತೋ, ಸೋಮವಾರ ಬೆಳಗ್ಗೆ ಬಂದರೆ ನನ್ನ ಮೇಜಿನ ಪಕ್ಕ ಖಾಲಿ ಗೋಣಿಚೀಲ ಹಾಸಿ ಇಬ್ಬರೋ ಮೂವರೋ ಮಲಗಿರುತ್ತಿದ್ದರು. ಎಡಗೈಯಲ್ಲಿ ಕಾಫಿ, ಬಲಗೈಯಲ್ಲಿ ಚೀಟಿ, ಎಡಗಾಲು ಯಾರದೋ ಬೆನ್ನಿನ ಮೇಲೆ. ಎಂಥ ಸರ್ಕಸ್ ಅಂತೀರ!

ಮಂಡಿಯ ಸಾಹುಕಾರರಿಗೆ ನನ್ನ ಅಳತೆಗೋಲು ಬಹಳ ಹಿಡಿಸಿತು. ಯಾರಾದರೂ ಬೆನ್ನುನೋವು ಅಂತ ರಜೆ ಕೇಳಿದರೆ ನನ್ನ ಹತ್ತಿರ ಕಳಿಸುತ್ತಿದ್ದರು. "ಸರೋಜಮ್ಮ, ನಿಜವೋ ಡ್ರಾಮಾನೋ ನೋಡಿ ಹೇಳಿ." ನಾನು ಹೇಳುತ್ತಿದ್ದೆ. ಡಾಕ್ಟರೂ ಹೇಳದಷ್ಟು ಖಚಿತವಾಗಿ ಹೇಳುತ್ತಿದ್ದೆ. ನನಗೆ ಚುಚ್ಚಿದರೆ ರಜೆ, ಚುಚ್ಚದಿದ್ದರೆ ಮೂಟೆ. ಕೊಪ್ಪಳದ ಕಡೆಯ ಯಮನಪ್ಪ ಅಂತ ಒಬ್ಬ ಇದ್ದ. ಮಾತೇ ಆಡದ ಮನುಷ್ಯ. ಒಂದು ದಿನ ಅವನನ್ನೂ ಕಳಿಸಿದರು. ಮಲಗಿದ. ಪಾದ ಇಟ್ಟೆ. ಅವನು ಮಿಸುಕಲಿಲ್ಲ, ನನಗೂ ಏನೂ ಆಗಲಿಲ್ಲ.

"ಏನೂ ಇಲ್ಲ ಕಣಪ್ಪ ನಿನಗೆ" ಅಂದೆ.

"ಇರ್ಲಿ ಬಿಡ್ರೀ ಅಕ್ಕಾರ" ಅಂದು ಎದ್ದ. ಅವತ್ತು ಪೂರ್ತಿ ಲಾರಿಗೆ ಮೂಟೆ ತುಂಬಿದ. ಮಾರನೆಯ ವಾರ ಊರಿಗೆ ಹೋದವನು ಮತ್ತೆ ಕೆಲಸಕ್ಕೆ ಬರಲಿಲ್ಲ. ಅದನ್ನು ನಾನು ಆಗ ಲೆಕ್ಕಕ್ಕೇ ಇಡಲಿಲ್ಲ.

ಈಗ ಆ ಮೂರು ದಿನಗಳಿಗೆ ಬರುತ್ತೇನೆ.

ಅಮ್ಮ ಮಹಡಿಯ ಮೇಲೆ ಸಂಡಿಗೆ ಒಣಹಾಕಲು ಹೋದವಳು ಇಳಿಯುವಾಗ ಮೆಟ್ಟಿಲಲ್ಲಿ ಜಾರಿ ಕುಕ್ಕರಿಸಿ ಬಿದ್ದಿದ್ದಾಳೆ. ಎಪ್ಪತ್ತಾರು ವರ್ಷದ ಹೆಂಗಸು. ಎದ್ದು, ಸೀರೆ ಕೊಡವಿಕೊಂಡು, ಒಳಗೆ ಬಂದು ನಮಗೆಲ್ಲ ಚಪಾತಿ ಲಟ್ಟಿಸಿದ್ದಾಳೆ. ಬಿದ್ದೆ ಅಂತ ಆಗ ಒಂದು ಮಾತು ಹೇಳಲಿಲ್ಲ, ನಮಗೆ ತಿಳಿದದ್ದು ಆಮೇಲೆ. ನಾಲ್ಕು ದಿನ ಕಳೆದ ಮೇಲೆ ಅವಳು ಗೋಡೆ ಹಿಡಿದು ನಡೆಯುವುದು ನನ್ನ ಕಣ್ಣಿಗೆ ಬಿತ್ತು.

"ಏನಮ್ಮ ಅದು?"

"ಏನಿಲ್ಲ ಕಣವ್ವ, ಬೆನ್ನು ವಸಿ ಇಡ್ಕಂಡೈತೆ."

"ಮೊದಲೇ ಹೇಳಬಾರದಾ? ಊರಿಗೆಲ್ಲ ಒದ್ದಿದೀನಿ, ನಿನಗೆ ಒದೆಯೋಕೆ ಎಷ್ಟೊತ್ತು! ಮಲಗು."

"ಬ್ಯಾಡ ಬುಡು ಮಗಾ, ನಿನ್ಗ್ಯಾಕೆ ಸುಮ್ಕೆ."

ನಾನು ಬಿಡುವವಳಾ? ಹಠ ಹಿಡಿದು ಮಲಗಿಸಿದೆ. ಆಗ ನನಗೆ ಹೊಳೆದದ್ದು ಇಷ್ಟೇ, ಇಷ್ಟು ವರ್ಷದಲ್ಲಿ ಅಮ್ಮ ನನ್ನ ಕಾಲಿನ ಮುಂದೆ ಮಲಗಿದ್ದು ಇದೇ ಮೊದಲು. ಅದಕ್ಕೆ ಖುಷಿಯೂ ಆಯಿತು, ನಾಚಿಕೆಯಿಲ್ಲದೆ ಹೇಳ್ತೀನಿ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದಳು. ನಾನು ಪಾದ ಇಟ್ಟು ಕಾದೆ. ಚುಚ್ಚಲಿಲ್ಲ. ಇನ್ನೊಮ್ಮೆ. ಇಲ್ಲ. ಮೂರನೆಯ ಸಲವೂ ಇಲ್ಲ.

"ನಿನಗೇನೂ ಆಗಿಲ್ಲಮ್ಮ. ಗ್ಯಾಸು. ಬೇಳೆ ಕಮ್ಮಿ ತಿನ್ನು" ಅಂದೆ.

"ಅಂಗೇ ಇರ್ಬೋದು" ಅಂದಳು.

ಎರಡನೆಯ ದಿನವೂ ಇಷ್ಟೇ. ಮೂರನೆಯ ದಿನ, ಗ್ಯಾಸು ತಾನೇ ಅಂತ, ಸ್ವಲ್ಪ ಭಾರ ಬಿಟ್ಟು ಒತ್ತಿದೆ. ಹೌದು, ಒತ್ತಿದೆ. ಅಮ್ಮ ಕಮಕ್ ಕಿಮಕ್ ಅನ್ನಲಿಲ್ಲ. ಏಳಮ್ಮ ಅಂದರೆ, "ನೀನು ಓಗವ್ವ ಕೆಲಸಕ್ಕೆ, ನೆಲ ತಣ್ಣಗೈತೆ, ವಸಿ ಒತ್ತು ಇಂಗೇ ಮಲಗಿರ್ತೀನಿ" ಅಂದಳು. ನಾನು ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಸ್ಸು ಹತ್ತಿ ಹೊರಟೇಬಿಟ್ಟೆ.

ಮಧ್ಯಾಹ್ನ ಒಂದೂವರೆಗೆ ನನ್ನ ಮಗಳು ಮೇಘನಾಳ ಫೋನು. ಅವಳು ಯಲಹಂಕದ ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಅವತ್ತು ಬೇಗ ಮನೆಗೆ ಬಂದಿದ್ದಳು. "ಅಮ್ಮಾ, ಅಜ್ಜಿ ನೆಲದ ಮೇಲಿದಾರೆ. ಏಳೋಕಾಗ್ತಿಲ್ಲ. ಬೆಳಗ್ಗೆಯಿಂದ ಹಿಂಗೇ ಇದ್ದಾರೆ ಕಣಮ್ಮಾ!" ಬೆಳಗ್ಗೆ ನಾನು ಬಿಟ್ಟು ಬಂದ ಹಾಗೆಯೇ, ಬೋರಲಾಗಿ, ಗೋಡೆಯ ಕಡೆ ಮುಖ ಮಾಡಿಕೊಂಡು. ಐದು ಗಂಟೆ ಹೊತ್ತು. ಆಂಬುಲೆನ್ಸ್ ಕರೆಸಿ ಮೇಘನಾನೇ ಅಮ್ಮನನ್ನು ಹೆಬ್ಬಾಳದ ಆಸ್ಪತ್ರೆಗೆ ಕರೆದೊಯ್ದಳು. ಮಂಡಿಯಿಂದ ಅಲ್ಲಿಗೆ ನಾನು ಹೇಗೆ ಹೋದೆ, ಆಟೋದವನಿಗೆ ಏನು ಹೇಳಿದೆ, ಒಂದೂ ನೆನಪಿಲ್ಲ.

ಬೆನ್ನುಮೂಳೆಯ ಒಂದು ಮಣಿ ಮುರಿದು ಕುಸಿದಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿ, "ಇದರ ಮೇಲೆ ಏನಾದರೂ ಭಾರ ಬಿತ್ತಾ?" ಅಂತ ಕೇಳಿದರು. ಮೇಘನಾ ನನ್ನ ಕಡೆ ನೋಡಿದಳು. ಹೇಳಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಇನ್ನೊಂದು ಸ್ವಲ್ಪ ಒತ್ತಿದ್ದರೆ ಕಾಲಿನ ಸ್ವಾಧೀನ ಹೋಗಬಹುದಿತ್ತು ಅಂತಷ್ಟೇ ಹೇಳಿ, ಕನ್ನಡಕ ಒರೆಸಿಕೊಂಡರು. ಅಮ್ಮ ಈಗ ಬೆಲ್ಟು ಕಟ್ಟಿಕೊಂಡು ಅಡುಗೆಮನೆಯವರೆಗೆ ನಡೆಯುತ್ತಾಳೆ, ಅದನ್ನು ಈಗಲೇ ಹೇಳಿಬಿಡ್ತೀನಿ, ನಿಮ್ಮ ಉಸಿರು ಕಟ್ಟಿಸುವುದು ಬೇಡ. ನನ್ನನ್ನು ಬುಡಸಹಿತ ಅಲ್ಲಾಡಿಸಿದ್ದು ಆಮೇಲಿನ ಸಂಗತಿ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಮೇಘನಾ ನನಗೆ ಮಂಗಳಾರತಿ ಎತ್ತಿದಳು. "ಅವರ ವಯಸ್ಸೇನು, ನಿನ್ನ ಬುದ್ಧಿ ಎಲ್ಲಿತ್ತು? ಅಜ್ಜಿಗೆ ಏನೂ ಆಗಿಲ್ಲ ಅಂತ ನಿನಗೆ ಯಾರಮ್ಮ ಹೇಳಿದ್ದು?"

"ನನಗೆ ಚುಚ್ಚಲೇ ಇಲ್ಲ ಕಣೇ" ಅಂದೆ.

ಅವಳು ನನ್ನ ಪಕ್ಕ ಬಂದು ಕೂತಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. ಬೇರೆಯವರ ನೋವನ್ನು ನೋಡಿದಾಗ, ನಮಗೇ ನೋವಾದರೆ ಎಚ್ಚರಗೊಳ್ಳುವ ಮೆದುಳಿನ ಕೆಲವು ಭಾಗಗಳು ಆಗಲೂ ಎಚ್ಚರಗೊಳ್ಳುತ್ತವಂತೆ. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಮ್ಮಿ. "ನಿನಗೆ ಜಾಸ್ತಿ ಇದ್ದಿರಬಹುದು ಅಮ್ಮ, ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಅದು ಕಾಲಿಂದ ಬರೋದಲ್ಲ. ಮುಖ ನೋಡ್ಬೇಕು, ದನಿ ಕೇಳ್ಬೇಕು, ಏನೋ ಒಂದು ಸುಳಿವು ಬೇಕು. ಅಜ್ಜಿ ಗೋಡೆ ಕಡೆ ತಿರುಗಿ, ಉಸಿರೂ ಬಿಡದೆ ಮಲಗಿದ್ರೆ ನಿನ್ನ ಮೆದುಳಿಗೆ ಹೇಳೋರು ಯಾರು?"

ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಗಂಗಣ್ಣ ನನ್ನ ಕಡೆ ಮುಖ ಮಾಡಿದ್ದ. ದೊಡ್ಡಪ್ಪನಿಗೆ ನೋವಿನ ಮುಖ ಮಾಡಲು ಬರುತ್ತಿರಲಿಲ್ಲ. ಯಮನಪ್ಪನ ಮುಖ? ಅವನ ಮುಖವನ್ನು ನಾನು ನೋಡಿದ್ದೆನಾ? ಇಲ್ಲ. ಚೀಟಿ ಬರೆಯುತ್ತಿದ್ದೆ. ಆ ಮನುಷ್ಯ ಅವತ್ತು ನನ್ನ ಮಾತಿನ ಮೇಲೆ ಎಷ್ಟು ಮೂಟೆ ಹೊತ್ತನೋ, ಅವನ ಬೆನ್ನಲ್ಲಿ ಏನು ಕುಸಿದಿತ್ತೋ! ಕೂಗಿದವರ ನೋವನ್ನು ನಿಜ ಅಂದೆ, ನುಂಗಿಕೊಂಡವರ ನೋವನ್ನು ಗ್ಯಾಸು ಅಂದೆ. ಇಷ್ಟು ವರ್ಷ ನಾನು ಮಾಡಿದ ನ್ಯಾಯ ಇದು. ಆಮೇಲೆ ಮಂಡಿಯಲ್ಲಿ ಎಲ್ಲರ ಹತ್ತಿರ ಯಮನಪ್ಪನ ನಂಬರ್ ಕೇಳಿದೆ. ಯಾರ ಹತ್ತಿರವೂ ಇರಲಿಲ್ಲ.

ಅಮ್ಮ ಏಳು ದಿನ ವಾರ್ಡಿನಲ್ಲಿದ್ದಳು. ಅಲ್ಲಿ ಸಿಸ್ಟರ್ ಹೊತ್ತುಹೊತ್ತಿಗೆ ಬಂದು ನೋವು ಎಷ್ಟಿದೆ ಅಂತ ನಂಬರ್ ಕೇಳುತ್ತಾರೆ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯೋಕಾಗದ್ದು. ಅಮ್ಮ ಪ್ರತಿ ಸಲವೂ ನನ್ನ ಮುಖ ನೋಡುತ್ತಾ, ನಗುತ್ತಾ, "ಒಂದು" ಅನ್ನುತ್ತಿದ್ದಳು. ಸಿಸ್ಟರ್ ಒಂದು ಅಂತ ಬರೆದುಕೊಳ್ಳುತ್ತಿದ್ದರು. ಒಂದಕ್ಕೆ ಕೊಡುವುದು ಒಂದು ಸಾಧಾರಣ ಮಾತ್ರೆ. ನಾನಂತೂ ಅಮ್ಮ ಗಟ್ಟಿಗಿತ್ತಿ ಅಂದುಕೊಂಡು ಪಕ್ಕದ ಹಾಸಿಗೆಯವರಿಗೆಲ್ಲ ಹೇಳಿಕೊಂಡು ಬಂದೆ. ಬುದ್ಧಿ ಬಂದಿತ್ತು ಅಂದುಕೊಂಡಿರಾ? ಎಲ್ಲಿ ಬಂತು!

ಮೂರನೆಯ ದಿನ ಮಧ್ಯಾಹ್ನ ಕೆಳಗೆ ಹೋಗಿ ಎಳನೀರು ತರುತ್ತಿದ್ದೆ. ವಾರ್ಡಿನ ಬಾಗಿಲ ಹತ್ತಿರ ಬರುವಾಗ ಒಳಗಿನಿಂದ ಒಂದು ದನಿ. ಮುದುಕಿಯೊಬ್ಬಳು ನರಳುತ್ತಿದ್ದಳು. ನರಳಾಟ ಅಂದರೆ ಎಂಥದ್ದು, ದನ ಈಯುವಾಗ ಹಾಗೆ ಕೂಗುತ್ತದೆ. "ಅಯ್ಯೋ ನಮ್ಮಪ್ಪಾ, ಬುಡ್ರೋ, ಆಗಕ್ಕಿಲ್ಲ ಬುಡ್ರೋ." ಕೇಳಲಾರದೆ ನಾನು ಬಾಗಿಲಲ್ಲೇ ನಿಂತೆ. ಎದುರಿಗೆ ಬಂದ ಆಯಾಗೆ ಹೇಳಿದೆ:

"ಯಾರಮ್ಮ ಅದು, ಪಾಪ! ಯಾರಾದ್ರೂ ಹೋಗಿ ನೋಡಬಾರದಾ? ಅವರ ಮನೆಯವರು ಎಲ್ಲಿ ಹಾಳಾಗಿ ಹೋದರು?"

ಆಯಾ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮ್ಮ ತಾಯಿನೇ ಅಲ್ವಾ ಅಕ್ಕ? ಪಕ್ಕ ತಿರುಗಿಸ್ತಿದ್ದಾರೆ. ನೀವು ಆಚೆ ಹೋದಾಗೆಲ್ಲ ಹಿಂಗೇ ಕೂಗ್ತಾರೆ. ನೀವಿದ್ರೆ ಸುಮ್ನಿರ್ತಾರೆ."

ನಮ್ಮಮ್ಮನ ದನಿ ನನಗೆ ಗೊತ್ತಾಗಲಿಲ್ಲ. ಐವತ್ತೆರಡು ವರ್ಷ ಕೇಳಿದ ದನಿ. ಬೈದದ್ದು ಗೊತ್ತು, ಹಾಡಿದ್ದು ಗೊತ್ತು, ಗೊರಕೆ ಕೂಡ ಗೊತ್ತು. ನೋವಾದರೆ ಅವಳು ಹೇಗೆ ಕೂಗುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾರೋ ಬೇರೆ ಮುದುಕಿ ಅಂದುಕೊಂಡು ಪಾಪ ಅಂದೆನಲ್ಲ!

ಒಳಗೆ ಓಡಿದೆ. ನನ್ನ ಹೆಜ್ಜೆ ಕೇಳಿದ್ದೇ ಕೂಗು ನಿಂತುಹೋಯಿತು. ನಾನು ಹಾಸಿಗೆ ಮುಟ್ಟುವಷ್ಟರಲ್ಲಿ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ನಗು ತಂದುಕೊಂಡು, ಸಿದ್ಧವಾಗಿದ್ದಳು.

"ಬಂದ್ಯಾ? ಊಟ ಮಾಡಿದ್ಯಾ ಮಗಾ?"

"ಆಚೆ ಕೇಳಿಸಿಕೊಂಡೆ ಕಣಮ್ಮ."

ನಗು ಅಲ್ಲೇ ನಿಂತಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಅಮ್ಮ ಹೊದಿಕೆಯ ಅಂಚು ಸರಿಮಾಡಿಕೊಂಡಳು.

"ಯಾಕಮ್ಮ ನನ್ನ ಮುಂದೆ ಹಿಂಗ್ ಮಾಡ್ತೀಯ?"

"ನೀನು ಸಣ್ಣವಳು. ಊರವ್ರ ನೋವೆಲ್ಲ ನಿನ್ ಮೈಗೆ ಬರ್ತಿತ್ತು. ಒಬ್ಬೊಬ್ರು ಎದ್ದು ಓದ ಮ್ಯಾಲೂ ನೀನು ಅಳ್ತಾ ಕುಂತಿರ್ತಿದ್ದೆ. ನಂದೂ ಯಾಕೆ ಮಗೀಗೆ ಅಂತ ನಿನ್ ಮುಂದೆ ನರಳೋದೇ ಬುಟ್ಟುಬುಟ್ಟೆ. ಆಮ್ಯಾಕೆ ಅದೇ ಅಭ್ಯಾಸ ಆಗೋಯ್ತು."

"ಅಮ್ಮ, ನನಗೀಗ ಐವತ್ತೆರಡು!"

"ಆದ್ರೇನು?"

ಕೋಪ ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ನನಗೋಸ್ಕರ ಈ ಹೆಂಗಸು ಎಷ್ಟು ನುಂಗಿದ್ದಾಳೆ, ನಾನು ಅದನ್ನು ಅವಳ ಗಟ್ಟಿತನ ಅಂತ ಊರೆಲ್ಲ ಸಾರಿಕೊಂಡು ತಿರುಗಿದ್ದೇನೆ. "ಅಳು ಬಂದ್ರೆ ಅತ್ಕೋತೀನಿ ಬಿಡಮ್ಮ, ಅದಕ್ಕೇನು ಸಾಯಲ್ಲ. ನೀನು ಸುಳ್ಳು ಹೇಳಿದ್ರೆ ಇವರು ಔಷಧಿ ಕೊಡಲ್ಲ, ಗೊತ್ತಾ? ಇನ್ನು ಮೇಲೆ ನಾನು ಎದುರಿಗಿದ್ದಾಗಲೂ ಕೂಗು" ಅಂತ ಗದರಿಸಿದೆ. ವಾರ್ಡಿಗೆ ವಾರ್ಡೇ ನಮ್ಮ ಕಡೆ ತಿರುಗಿ ನೋಡಿತು.

ಸಿಸ್ಟರ್ ಇನ್ನೂ ಅಲ್ಲೇ ಇದ್ದರು. ಅರ್ಧಕ್ಕೇ ಬಿಟ್ಟಿದ್ದರಲ್ಲ, ಅಮ್ಮನನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕಿತ್ತು. ಅವರೂ ಇನ್ನೊಬ್ಬ ಸಿಸ್ಟರೂ ಸೇರಿ ಅಡಿಯ ಹಾಸುಬಟ್ಟೆ ಹಿಡಿದು ಎಳೆದರು. ಅಮ್ಮ ಅಭ್ಯಾಸಬಲದಿಂದ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಮಂಚ ಬಳಸಿಕೊಂಡು ಗೋಡೆಯ ಕಡೆಗೇ ಹೋಗಿ, ಅವಳ ಮುಖದ ಎದುರಿಗೆ ನೆಲದ ಮೇಲೆ ಕೂತೆ. ಇನ್ನು ತಿರುಗಲು ಅವಳಿಗೆ ಜಾಗವಿರಲಿಲ್ಲ.

"ಎಷ್ಟಿದೆ ಅಜ್ಜಿ ನೋವು?" ಸಿಸ್ಟರ್ ಕೇಳಿದರು.

ಅಮ್ಮ ನನ್ನನ್ನೇ ನೋಡಿದಳು. ತುಟಿ ನಗಲು ಹೊರಟಿತು, ನಡುಗಿತು, ಆಗಲಿಲ್ಲ. ಹಣೆ ಸುಕ್ಕುಗಟ್ಟಿತು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರದ ಮುಖವೊಂದು ನನ್ನ ಮುಂದೆ ಬಂತು. ನನಗೆ ಭಯವಾಯಿತು. ಎದ್ದು ಓಡಿಬಿಡೋಣ ಅನ್ನಿಸಿತು, ಸುಳ್ಳು ಹೇಳಲ್ಲ.

"ಒಂಬತ್ತು ಕಣವ್ವ" ಅಂದಳು ಅಮ್ಮ, ಸಿಸ್ಟರಿಗಲ್ಲ, ನನಗೆ. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು, ನನ್ನ ಮುಖ ನೋಡಿಕೊಂಡೇ ಕೂಗಿದಳು.